ಶಾಲೆಗೆ ಮಾತ್ರ ಬಾರಿಸುವ ಹಲಗಿ

ಸೋಮವಾರ ಶಾಲೆ ಶುರುವಾಗುತ್ತದೆ. ಗೇಟಿನ ಮುಂದೆ ಹಲಗಿ, ಅದೇ ತಮಟೆ, ಬಾರಿಸುತ್ತಾರೆ. ನನ್ನ ಮಗಳು ಕೈ ಕೊಸರಿಕೊಂಡು ಓಡುತ್ತಾಳೆ.

ಬೇಸಿಗೆ ರಜೆಯುದ್ದಕ್ಕೂ ನನ್ನ ತಲೆಯಲ್ಲಿ ತಿರುಗಿದ್ದು ಇಷ್ಟೇ. ರೊಟ್ಟಿ ಬಡಿಯುವಾಗ ಆ ಸಪ್ಪಳಕ್ಕೇ ನೆನಪಾಗುತ್ತದೆ. ಯಾರಾದರೂ ರಜೆ ಮುಗಿಯಿತಲ್ಲ ಅಂದರೆ ನೆನಪಾಗುತ್ತದೆ. ನನ್ನ ಗಂಡ ಶ್ರೀಶೈಲ ಮುಳವಾಡದ ಏತ ನೀರಾವರಿಯ ಪಂಪ್‌ಹೌಸಿನಲ್ಲಿ ಕೆಲಸಕ್ಕಿದ್ದಾರೆ, ವಾರಕ್ಕೊಮ್ಮೆ ಮನೆಗೆ ಬರುತ್ತಾರೆ. ಫೋನಿನಲ್ಲಿ ಹೇಳಿಕೊಂಡರೆ, "ಏ, ಆದಾಗ ನೋಡೂಣು ಬಿಡು" ಅನ್ನುತ್ತಾರೆ. ಆದಾಗ ನೋಡುವುದೇನು? ಹೋದ ವರ್ಷ ಆಗಿದ್ದನ್ನು ಕಣ್ಣಾರೆ ನೋಡಿದವಳು ನಾನು.

ಧೃತಿಗೆ ಎಂಟು ವರ್ಷ. ಅವಳಿಗೆ ಆಟಿಸಂ ಇದೆ ಎಂದು ಸೊಲ್ಲಾಪುರದ ಡಾಕ್ಟರ್ ಮ್ಯಾಡಮ್ ಹೇಳಿದ ಮೇಲೆ, ಧಾರವಾಡದ ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷನ್ನೆಲ್ಲ ಖರ್ಚು ಮಾಡಿ ವಾರಗಟ್ಟಲೆ ಮೊಬೈಲಿನಲ್ಲಿ ಓದಿದೆ. ಒಬ್ಬರು ಹೀಗೆ ಮಾಡಿ ಅನ್ನುತ್ತಾರೆ, ಇನ್ನೊಬ್ಬರು ಹಾಗೆ ಮಾಡಲೇಬೇಡಿ ಅನ್ನುತ್ತಾರೆ. ಇಂಡಿ ಪಟ್ಟಣದ ಖಾಸಗಿ ಶಾಲೆಯೊಂದರಲ್ಲಿ "ಇಂಥಾ ಮಕ್ಕಳು ನಮ್ಮಲ್ಲಿ ಆಗೂದಿಲ್ರಿ" ಎಂದು ನಗುನಗುತ್ತಲೇ ಬಾಗಿಲು ತೋರಿಸಿದರು. ನಮ್ಮೂರು ಇಂಡಿಯಿಂದ ತಾಂಬಾ ಮೇಲೆ ಸಿಂದಗಿಗೆ ಹೋಗುವ ರಸ್ತೆಯಲ್ಲಿದೆ. ಇಲ್ಲಿಯ ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕಿ ವಿದ್ಯಾವತಿಯವರನ್ನು ಊರೆಲ್ಲ ದೊಡ್ಡಕ್ಕೋರು ಅನ್ನುತ್ತದೆ. ಅವರು ಮಾತ್ರ, "ಕರ್ಕೊಂಡ ಬರ್ರಿ. ಕುಂದ್ರಲಿ. ಮುಂದ ನೋಡೂಣು" ಅಂದರು.

ಹೋದ ವರ್ಷ ಶಾಲೆ ಶುರುವಾದ ದಿನ ಪ್ರಾರಂಭೋತ್ಸವ. ಮಕ್ಕಳನ್ನು ಟ್ರ್ಯಾಕ್ಟರಿನಲ್ಲಿ ಕೂರಿಸಿ ಊರು ಸುತ್ತಿಸಿ ಗೇಟಿಗೆ ತಂದರು. ಗೇಟಿಗೆ ತೋರಣ, ಆರತಿ, ಗುಲಾಬಿ ಎಸಳು. ಧೃತಿ ಕಣ್ಣು ಮುಚ್ಚಿಕೊಂಡಾದರೂ ಅಲ್ಲಿಯವರೆಗೆ ಬಂದಳು. ಅಷ್ಟರಲ್ಲಿ ಹಲಗಿ ಬಿತ್ತು. ಬಿತ್ತು ಅಂತಲೇ ಅನ್ನಬೇಕು, ಅವಳ ಮೈಮೇಲೆ ಏನೋ ಬಿದ್ದ ಹಾಗೆಯೇ ಆಯಿತು. ತನ್ನ ಕೈಯನ್ನೇ ಕಚ್ಚಿಕೊಂಡಳು, ನನ್ನ ಕೈ ಕೊಸರಿದಳು, ರಸ್ತೆ ದಾಟಿ ಓಡಿದಳು. ಊರ ಮಂದಿಯೆಲ್ಲ ಹುಡುಕಿದರು. ನಿಂಬೆ ತೋಟದೊಳಗೆ ಒಂದು ಗಿಡದ ಬುಡದಲ್ಲಿ ಸಿಕ್ಕಳು, ಮುಖದ ತುಂಬ ಮುಳ್ಳು ಗೀರಿದ ಗೆರೆ. ದಸರಾ ರಜೆ ಮುಗಿಯುವ ತನಕ ಆ ರಸ್ತೆಗೆ ಕಾಲಿಡಲಿಲ್ಲ. ಆಮೇಲೆ ದೊಡ್ಡಕ್ಕೋರು ಅವಳನ್ನು ಪ್ರಾರ್ಥನೆ ಮುಗಿದ ಮೇಲೆ ಬರಲು ಬಿಟ್ಟು, ಕಿಟಕಿಯ ಪಕ್ಕದ ಜಾಗ ಅವಳಿಗೇ ಇಟ್ಟು, ದಿನಕ್ಕೆ ಅಷ್ಟಿಷ್ಟು ಕೂರಿಸಿ, ಅಂತೂ ಪರೀಕ್ಷೆಯ ಹೊತ್ತಿಗೆ ಪೂರ್ತಿ ದಿನ ಕೂರುವ ಹಾಗಾಯಿತು. ಅಷ್ಟರಲ್ಲಿ ಮತ್ತೆ ರಜೆ ಬಂತು. ಮತ್ತೆ ಮೊದಲಿನಿಂದ.

"ರಜೆಯಲ್ಲಿ ಸುಮ್ಮನೆ ಬಿಡಬೇಡಿ" ಎಂದು ಡಾಕ್ಟರ್ ಮ್ಯಾಡಮ್ ಹೇಳಿದ್ದರು. "ಖಾಲಿ ಶಾಲೆಗೆ ಕರೆದುಕೊಂಡು ಹೋಗಿ. ಮೊದಲ ದಿನ ಏನೇನು ಆಗುತ್ತದೆ ಅನ್ನುವುದನ್ನು ಚಿತ್ರ ಮಾಡಿ ಗೋಡೆಗೆ ಹಚ್ಚಿ. ಯಾವುದನ್ನೂ ಬಿಡಬೇಡಿ. ಅವಳಿಗೆ ಹೆದರಿಕೆ ಆಗುವುದು ಗೊತ್ತಿಲ್ಲದ್ದು ಬಂದಾಗ." ಹೊಸ ಸಮವಸ್ತ್ರದ ಕಾಲರು ಚುಚ್ಚುತ್ತದೆಂದು ಒಗೆದು ಒಗೆದು ಮೆತ್ತಗೆ ಮಾಡಿದೆ. ಗೋಡೆಗೆ ಫೋಟೋ ಹಚ್ಚಿದೆ: ಚೀಲ, ರಸ್ತೆ, ಗೇಟು, ಮೂರನೇ ಈಯತ್ತೆಯ ಕೋಣೆ, ಕಿಟಕಿ. ಹಲಗಿಯ ಚಿತ್ರ ಹಚ್ಚಲಿಲ್ಲ. ಹಚ್ಚಿದರೆ ಈಗಿನಿಂದಲೇ ಹೆದರುತ್ತಾಳೆ, ಹಚ್ಚದಿದ್ದರೆ ಸೋಮವಾರ ಹೆದರುತ್ತಾಳೆ. ಯಾವುದು ಕಡಿಮೆ ಕೆಟ್ಟದ್ದು?

ಖಾಲಿ ಶಾಲೆಗೆ ಹೋಗುವುದೇನೋ ಸರಿ, ಗೇಟಿಗೆ ಬೀಗ. ದೊಡ್ಡಕ್ಕೋರನ್ನು ಕೇಳಿದಾಗ, "ಕೀಲಿ ಭೀಮಶ್ಯಾನ ಹಂತ್ಯಾಕ ಐತ್ರಿ. ರಜಾದಾಗ ಗಿಡಕ್ಕ ನೀರ ಅವರ ಹಾಕ್ತಾರ" ಎಂದರು. ಹಾಗೆ ಪರಿಚಯವಾದವರು ಭೀಮಶ್ಯಾ ಕಾಕಾ.

ಶಾಲೆಯ ಎದುರಿನ ಓಣಿಯಲ್ಲಿ ಅವರ ಮನೆ. ವಯಸ್ಸು ಅರವತ್ತು ದಾಟಿದೆ, ಮೀಸೆಗೆ ದಿನಾ ಎಣ್ಣೆ ಹಚ್ಚುತ್ತಾರೆ. ಮೊದಲ ಸಂಜೆ ಕೀಲಿ ಹಿಡಿದು ಬಂದವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ದೊಡ್ಡ ಮನಿ ಕಸ್ತೂರೆವ್ವನ ಸೊಸಿ ಅಲ್ಲಾ? ಧಾರವಾಡದಾಕಿ? ರಜಾದಾಗ ಮಕ್ಕಳು ಸಾಲಿ ಬಿಟ್ಟು ಓಡತಾವ, ನೀ ಕರ್ಕೊಂಡು ಬಂದೀಯಲ್ಲವಾ!" ಎಂದರು.

"ರೂಢಿ ಆಗಲಿ ಅಂತರಿ, ಕಾಕಾ."

"ಆಗಲಿ, ಆಗಲಿ. ಬರೂಮುಂದ ಒಂದ ಮಿಸ್ ಕಾಲ್ ಕೊಡು, ಕೀಲಿ ತರ್ತೇನಿ. ನಾ ಎತ್ತಂಗಿಲ್ಲ ಮತ್ತ. ನಿಂದು ಬಂತಂದ್ರ ಕೀಲಿ ಅಂತ ತಿಳೀತೇನಿ."

ಅಂದಿನಿಂದ ನಮ್ಮ ನಡುವೆ ಬರೀ ಮಿಸ್ ಕಾಲ್. ಧೃತಿ ಅವರ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದಳು. ಬೀಗದೊಳಗೆ ಕೀಲಿ ತಿರುಗಿ 'ಕಟ್' ಅಂದಾಗ ಅವಳ ಭುಜ ಕೆಳಗಿಳಿಯುತ್ತಿತ್ತು. ಆಮೇಲೆ ಅವರು ಕೀಲಿಯನ್ನು ಅವಳ ಕೈಗೇ ಕೊಡತೊಡಗಿದರು. ಎಷ್ಟು ಸಲ ಹಾಕಿ ತೆಗೆದರೂ ಅವರಿಗೆ ಬೇಸರವಿಲ್ಲ. "ಕೀಲಿ ಅಜ್ಜ" ಎಂದು ಅವಳು ಮೊದಲ ಸಲ ಅಂದಾಗ ನಾನು ಅಳಬೇಕೋ ನಗಬೇಕೋ ತಿಳಿಯದೆ ನೀರು ತುಂಬಿದ ಕೊಡವನ್ನೇ ಮತ್ತೆ ತುಂಬಲು ಹೋಗಿದ್ದೆ. ಅವರು ಮಾತ್ರ, "ಅಜ್ಜ ಅಂತೀಯಾ? ಮೀಸಿ ನೋಡು, ಇನ್ನೂ ಕರ್ರಗೈತಿ!" ಎಂದು ಗದರಿಸಿದರು. ಎಣ್ಣೆಯ ಕಪ್ಪೋ ಬಣ್ಣದ ಕಪ್ಪೋ ನಾನು ಕೇಳಲಿಲ್ಲ. ಅವರ ಫೋಟೋ ತೆಗೆದು ನಮ್ಮ ಗೋಡೆಯ ಮೇಲೆ ಗೇಟಿನ ಫೋಟೋದ ಪಕ್ಕದಲ್ಲಿ ಹಚ್ಚಿದೆ.

ಶಾಲೆಯಲ್ಲಿ ಹಲಗಿ ಬಾರಿಸುವವರು ಇವರೇ ಎಂದು ನನಗೆ ತಿಳಿದದ್ದು ಆಮೇಲೆ. ಹೋದ ವರ್ಷ ನಾನು ಮಗಳನ್ನಷ್ಟೇ ನೋಡುತ್ತಿದ್ದೆ, ಬಾರಿಸುತ್ತಿದ್ದವರ ಮುಖ ನೋಡಿರಲಿಲ್ಲ. ಒಂದು ಸಂಜೆ ಅವರ ಮನೆಯ ಕಟ್ಟೆಯ ಮೇಲೆ ಹಲಗಿ ಒರಗಿಸಿಟ್ಟಿತ್ತು. ನಾನು ಕೈ ಹಿಡಿಯುವ ಮೊದಲೇ ಧೃತಿ ನೇರ ಅದರ ಹತ್ತಿರ ಹೋದಳು, ಚರ್ಮದ ಮೇಲೆ ಅಂಗೈ ಸವರಿದಳು, ಬೆರಳಿನಿಂದ ತಟ್ಟಿದಳು. 'ಥಪ್' ಎಂದು ಮಣ್ಣಿನ ಮೇಲೆ ತಟ್ಟಿದ ಹಾಗೆ. ಮತ್ತೆ ತಟ್ಟಿದಳು. ಹೆದರಲಿಲ್ಲ.

"ಅದು ಮಲಗೈತಿ" ಎಂದರು ಕಾಕಾ. "ಬೆಂಕಿ ತೋರಿಸಿ ಕಾಯಿಸೂತನಕ ಅದಕ್ಕ ದನಿ ಇಲ್ಲ. ಕಾಯಿಸಿದ್ರ ಚರ್ಮ ಬಿಗೀತೈತಿ. ಆಮ್ಯಾಲ ನೋಡು, ಹಳ್ಳದ ಆಚಿ ದಂಡಿಗಿ ಕೇಳ್ತೈತಿ."

"ನೀವ ಬಾರಸ್ತೀರೇನ್ರಿ ಕಾಕಾ?"

"ಸಾಲಿಗಿ ಅಷ್ಟ. ಸತ್ತವರಿಗಿ ಬಾರಸಂಗಿಲ್ಲ, ದೇವರಿಗಿ ಬಾರಸಂಗಿಲ್ಲ, ಮದಿವಿಗೂ ಬಾರಸಂಗಿಲ್ಲ. ವರ್ಸಕ್ಕ ಒಂದ ಸಲ, ಸಾಲಿ ಗೇಟಿನ್ಯಾಗ."

ಆ ಮಾತಿನ ಹಿಂದಿನ ಬದುಕು ಅವರು ಒಂದೇ ಸಲ ಹೇಳಿದ್ದಲ್ಲ. ಗಿಡಕ್ಕೆ ನೀರು ಹಾಕುತ್ತ, ಧೃತಿಯ ಕೈಯಿಂದ ಕೀಲಿ ಬಿಡಿಸಿಕೊಳ್ಳಲು ಹೆಣಗುತ್ತ, ನಡುನಡುವೆ ಡಿಜೆಯವರನ್ನು ಬೈಯುತ್ತ ತುಂಡು ತುಂಡಾಗಿ ಹೇಳಿದರು. ಅವರ ಅಪ್ಪ ಊರಿನ ಹಲಗಿಯವರು. ಯಾರ ಮನೆಯಲ್ಲಿ ಹೆಣ ಬಿದ್ದರೂ ಹೋಗಬೇಕು, ಹೆಣದ ಮುಂದೆ ನಡೆಯುತ್ತ ಬಾರಿಸಬೇಕು. "ನಮ್ಮಪ್ಪನ್ನ ಯಾರೂ ಬಂದು ಕರೀತಿದ್ದಿಲ್ಲವಾ. ಹೇಳಿ ಕಳಸ್ತಿದ್ರು. ಆಳಮಗ ಬಂದು ನಮ್ಮ ಓಣಿ ಬಾಯಾಗ ನಿಂತು ಒದರಿ ಹೋಗ್ತಿದ್ದ. ಒಳಗ ಬರ್ತಿದ್ದಿಲ್ಲ. ಅಪ್ಪ ಉಣ್ಣಾಕ ಕುಂತಿದ್ರೂ ತಾಟ ಬಿಟ್ಟು ಏಳಬೇಕು. ಆ ಒದರೂದು ಈಗೂ ನನ್ನ ಕಿಂವ್ಯಾಗ ಐತಿ."

ಹರೆಯದಲ್ಲಿ ಇವರು ಬುದ್ಧನ ದೀಕ್ಷೆ ತೆಗೆದುಕೊಂಡು ಇನ್ನು ಹಲಗಿ ಮುಟ್ಟುವುದಿಲ್ಲ ಎಂದರು. ಅಪ್ಪನ ಹಲಗಿ ಅಟ್ಟಕ್ಕೆ ಹೋಯಿತು. ಅಪ್ಪ ಬಹಳ ಕಾಲ ಮಗನೊಂದಿಗೆ ಮಾತಾಡಲಿಲ್ಲ. ಇವರು ಮುಳವಾಡದ ಕಾಲುವೆ ತೋಡುವ ಕೆಲಸಕ್ಕೆ ಹೋದರು. ನನ್ನ ಗಂಡ ಅಲ್ಲೇ ಪಂಪ್‌ಹೌಸಿನಲ್ಲಿದ್ದಾರೆ ಅಂದರೆ, "ನಾ ತೋಡಿದ ಕಾಲಿವಿಗಿ ನಿನ್ನ ಗಂಡ ನೀರ ಬಿಡ್ತಾನನು! ಹೇಳು ಅವಗ, ಜಾಸ್ತಿ ಬಿಡು ಅಂತ" ಎಂದು ನಕ್ಕರು. ಪುಣೆಯಲ್ಲಿ ಗಾರೆ ಕೆಲಸ ಮಾಡಿದರು. ಮುದ್ದೇಬಿಹಾಳದ ಸಾವಿತ್ರವ್ವನನ್ನು ಮದುವೆಯಾದರು. ಮಗಳು ಯಶೋಧಾ ಹುಟ್ಟಿದಳು. ಅವಳನ್ನು ಶಾಲೆಗೆ ಸೇರಿಸಿದ ದಿನ ಗುರುಗಳು ಎಲ್ಲ ಮಕ್ಕಳ ನಡುವೆ ಕೂರಿಸಿ ಹೆಸರು ಕೂಗಿದರು. ಇವರಿಗೆ ತಡೆಯಲಾಗಲಿಲ್ಲ. ಮನೆಗೆ ಓಡಿ ಬಂದು ಅಟ್ಟ ಹತ್ತಿದರು. ಹಲಗಿಯ ಚರ್ಮವನ್ನು ಇಲಿ ತಿಂದಿತ್ತು. ಬೇರೆ ಊರಿನ ನೆಂಟರ ಹಲಗಿ ತಂದು, ಕಾಯಿಸಿ, ಗೇಟಿನ ಮುಂದೆ ನಿಂತು ಬಾರಿಸಿದರು.

"ಊರ ಮಂದಿ ಎಲ್ಲಾ ಮನಿಯಿಂದ ಹೊರಗ ಬಂತು. 'ಯಾರ ಸತ್ತಾರಲೇ ಭೀಮಶ್ಯಾ?' ಅಂದ್ರು. ಹಲಗಿ ಅಂದ್ರ ಸಾವು ಅಂತನ ಅವರಿಗಿ ಗೊತ್ತು. 'ಯಾರೂ ಸತ್ತಿಲ್ಲರಪ್ಪಾ, ನನ್ನ ಮಗಳು ಸಾಲಿಗಿ ಬಂದಾಳ!' ಅಂದೆ."

ಹೇಳಿ ಮೀಸೆ ತಿರುವಿಕೊಂಡರು. ಯಶೋಧಾ ಈಗ ಸಿಂದಗಿಯಲ್ಲಿ ನರ್ಸು. ಅಂದಿನಿಂದ ಪ್ರತಿ ವರ್ಷ ಶಾಲೆ ಶುರುವಾದ ದಿನ ಬಾರಿಸಿದ್ದಾರೆ. ಪ್ರಾರಂಭೋತ್ಸವ ಅನ್ನುವ ಹೆಸರು ಬಂದದ್ದು ಎಷ್ಟೋ ವರ್ಷದ ಮೇಲೆ. "ದೊಡ್ಡಕ್ಕೋರು ತಾವ ನಮ್ಮ ಮನಿಗಿ ಬಂದು ಕರೀತಾರ. ಒಳಗ ಕುಂತು ಚಾ ಕುಡೀತಾರ. ಹೇಳಿ ಕಳಸಂಗಿಲ್ಲ."

ಇಷ್ಟು ಕೇಳಿದ ಮೇಲೆ ನಾನು ಹೇಗೆ ಬಾಯಿ ಬಿಡಲಿ? ನಿಮ್ಮ ಹಲಗಿಯೇ ನನ್ನ ಮಗಳನ್ನು ನಿಂಬೆ ತೋಟಕ್ಕೆ ಓಡಿಸಿತು ಎಂದು ಯಾವ ಬಾಯಿಂದ ಹೇಳಲಿ? ಅವರ ಲೆಕ್ಕವೇ ಬೇರೆ ಇತ್ತು. ಹುಡುಗಿ ಓಡಿದ್ದು ಟ್ರ್ಯಾಕ್ಟರಿನ ಸಪ್ಪಳಕ್ಕೆ ಎಂದು ಊರೆಲ್ಲ ನಂಬಿತ್ತು. ಅವರೂ ನಂಬಿದ್ದರು.

"ಈ ಸಲ ಟ್ರ್ಯಾಕ್ಟರ್ ಬ್ಯಾಡ ಅಂತ ನಾನ ದೊಡ್ಡಕ್ಕೋರಿಗಿ ಹೇಳಿ ಬಂದೇನಿ. ಕೂಸು ಅಂಜತೈತಿ, ಮಕ್ಕಳು ನಡಕೋತ ಬರಲಿ ಅಂದೆ. ಒಪ್ಪ್ಯಾರ" ಎಂದು ಒಂದು ಸಂಜೆ ಹೆಮ್ಮೆಯಿಂದ ಹೇಳಿದರು.

"ಕಾಕಾ, ಅದು..."

"ಏ, ಸಾಕು ಬಿಡು, ಉಪಕಾರ ಅನ್ನಬ್ಯಾಡ. ಮತ್ತ ನೋಡು, ಈಕಿ ಗೇಟಿನ್ಯಾಗ ಬಂದಾಗ ಎಲ್ಲಾರಗಿಂತ ಜೋರ ಬಾರಸ್ತೇನಿ. ಈಕಿಗಿ ಮಾತು ಕಡಿಮಿ ಅಲ್ಲಾ? ನನ್ನ ಹಲಗಿ ಕೇಳಿದ್ರ ಕಲ್ಲಿಗೂ ಮಾತ ಬರ್ತೈತಿ."

ನಾನು ಹೂಂ ಅಂದೆ. ಹೂಂ ಅಂದೆ! ಮನೆಗೆ ಬಂದು ಕಸ ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸಿದೆ.

ನನ್ನ ಅತ್ತೆ ಕಸ್ತೂರೆವ್ವ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಎಲ್ಲವನ್ನೂ ನೋಡುತ್ತಿದ್ದರು. "ಏನಾಗೈತಿ ನಿನಗ? ಗುಡಿಸಿದ್ದ ಗುಡಸಾಕತ್ತಿ."

ಹೇಳಿದೆ. ಟ್ರ್ಯಾಕ್ಟರ್ ಅಲ್ಲ ಅತ್ತಿ, ಹಲಗಿ. ಟೀವಿಯಲ್ಲಿ ಡೋಲು ಬಂದರೂ ಕಿವಿ ಮುಚ್ಚುತ್ತಾಳಲ್ಲ, ನೀವೇ ನೋಡಿದ್ದೀರಲ್ಲ. ಆದರೆ ಆ ಮನುಷ್ಯನಿಗೆ ಬೇಡ ಅನ್ನುವುದು ಹೇಗೆ? ಅನ್ನದೆ ಇರುವುದಾದರೂ ಹೇಗೆ? ಹೋದ ವರ್ಷದ ಹಾಗೆ ಮತ್ತೆ ದಸರೆ ತನಕ ಮನೆಯಲ್ಲೇ ಉಳಿದರೆ ಕಲಿತದ್ದೆಲ್ಲ ಹೋಗುತ್ತದೆ. ಮೂರನೇ ಈಯತ್ತೆಯ ಅಕ್ಕೋರು ಹೊಸಬರು, ಅವರಿಗೆ ತಾಳ್ಮೆ ಇರುತ್ತದೋ ಇಲ್ಲವೋ.

"ಇಷ್ಟಕ್ಕ ಇಷ್ಟು ಚಿಂತಿ? ಸಾಲಿ ಕಲತೋರದು ಹಿಂಗ ನೋಡು, ಸೂಜಿ ಬಿದ್ರ ಬಾವಿ ಬಿದ್ದಂಗ ಮಾಡ್ತೀರಿ" ಎಂದರು ಅತ್ತೆ. ಮತ್ತೆ ಶೇಂಗಾದ ಕಡೆ ತಿರುಗಿದರು. ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಮರುದಿನ ಸಂಜೆ ಎಂದಿನಂತೆ ಮಿಸ್ ಕಾಲ್ ಕೊಟ್ಟು ಹೊರಟೆವು. ಗೇಟಿಗೆ ಬೀಗ. ಕಾಕಾ ಇಲ್ಲ. ಕಾದೆವು. ಮತ್ತೆ ಮಿಸ್ ಕಾಲ್ ಕೊಟ್ಟೆ. ಬರಲಿಲ್ಲ. ಧೃತಿ ಬೀಗ ಹಿಡಿದುಕೊಂಡು, "ಕೀಲಿ ಅಜ್ಜ. ಕೀಲಿ ಅಜ್ಜ" ಎಂದು ಶುರುಮಾಡಿದಳು. ಒಂದು ಸಲ ಶುರುವಾದರೆ ಅದು ನಿಲ್ಲುವುದಿಲ್ಲ. ಗೋಡೆಯ ಮೇಲಿನ ಚಿತ್ರದಲ್ಲಿ ರಸ್ತೆ, ಆಮೇಲೆ ಗೇಟು, ಆಮೇಲೆ ಕೀಲಿ ಅಜ್ಜ. ರಸ್ತೆ ಆಯಿತು, ಗೇಟು ಬಂತು, ಅಜ್ಜ ಇಲ್ಲ. ಅವಳ ಮಟ್ಟಿಗೆ ಜಗತ್ತಿನಲ್ಲಿ ಒಂದು ತುಂಡು ಕಳೆದುಹೋಗಿದೆ. ಬೀಗವನ್ನು ಗೇಟಿಗೆ ಕುಟ್ಟಿದಳು, ಹಣೆ ಕುಟ್ಟಿಕೊಳ್ಳಲು ಹೋದಳು, ನಾನು ನಡುವೆ ಕೈ ಕೊಟ್ಟೆ.

ಎದುರಿನ ಓಣಿಯಿಂದ ಸಾವಿತ್ರವ್ವ ಬಂದರು, ಕಾಕಾನ ಹೆಂಡತಿ. ಸೊಂಟದ ಮೇಲೆ ಕೈ ಇಟ್ಟು ನಿಂತರು.

"ಯಾಕ ಹೊಡಕೋತೈತಿ ಕೂಸು? ಕೀಲಿ ಇಲ್ಲ ಇಲ್ಲಿ. ದೊಡ್ಡಕ್ಕೋರಿಗಿ ಕೊಟ್ಟ ಹೋಗ್ಯಾನ."

"ಕಾಕಾ ಎಲ್ಲಿಗಿ ಹೋಗ್ಯಾರ್ರಿ?"

"ಸಿಂದಗಿಗಿ, ಮಗಳ ಮನಿಗಿ. ಸೋಮವಾರ ಆದ ಮ್ಯಾಲ ಬರ್ತೇನಿ ಅಂದಾನ." ಆಮೇಲೆ ಸಿಟ್ಟನ್ನು ಹಿಡಿದಿಡಲಾಗದೆ ಅಂದರು: "ನಿಮ್ಮ ಮನ್ಯಾಗ ಹಲಗಿ ಬ್ಯಾಡ ಅಂದ್ರ ಬ್ಯಾಡ ಅನ್ರಿ. ಬಂದು ಹೇಳಾಕ ಕಾಲ ಇರಲಿಲ್ಲೇನವಾ? ದಿನಾ ಬರ್ತಿದ್ದಿ, ನೀರ ಕುಡೀತಿದ್ದಿ. ಹೇಳಿ ಕಳಸ್ತೀರಿ? ನಿಮ್ಮ ಆಳು ಧರ್ಮರಾಜ ಬಂದು ಓಣಿ ಬಾಯಾಗ ನಿಂತು ಒದರ್ಯಾನ, 'ಭೀಮಶ್ಯಾ, ದೊಡ್ಡ ಮನಿ ಕಸ್ತೂರೆವ್ವ ಹೇಳ್ಯಾಳ, ಸೋಮವಾರ ಹಲಗಿ ಬ್ಯಾಡಂತ!' ಹಿಂಗ. ಮಂದಿ ಎಲ್ಲಾ ಕೇಳ್ಯಾರ. ನನ್ನ ಗಂಡ ಉಣ್ಣಾಕ ಕುಂತಿದ್ದ. ತಾಟ ಸರಿಸಿ ಎದ್ದ."

ಧೃತಿಯನ್ನು ಎತ್ತಿಕೊಂಡು ಮನೆಗೆ ಬಂದೆ. ಎಂಟು ವರ್ಷದ ಮಗಳು ಭಾರ, ಒದೆಯುತ್ತಿದ್ದಳು. ಬಾಗಿಲಲ್ಲೇ ಶೇಂಗಾ ಸುಲಿಯುತ್ತ ಕೂತಿದ್ದ ಅತ್ತೆಯನ್ನು ಕೇಳಿದೆ.

"ಹೌದು, ನಾನ ಹೇಳಿ ಕಳಿಸೇನಿ" ಎಂದರು, ಏನೂ ಆಗಿಲ್ಲವೆಂಬಂತೆ. "ನೀ ಬಾಯಿ ಬಿಡವಲ್ಲಿ. ಧರ್ಮರಾಜ ಆ ಕಡಿ ಹೊಂಟಿದ್ದ, ಹೇಳಿ ಬಾರೋ ಅಂದೆ. ಕೂಸಿನ ಸಲುವಾಗಿ."

"ಅತ್ತಿ, ನಾವ ಹೋಗಿ ಹೇಳಬೇಕಿತ್ರಿ."

"ಹೇಳಿ ಕಳಿಸೂದ್ರಾಗ ಏನ ತಪ್ಪೈತಿ? ಬಡಿಗ್ಯಾಗೂ ಹೇಳಿ ಕಳಸ್ತೀವಿ, ಕುಂಬಾರಗೂ ಹೇಳಿ ಕಳಸ್ತೀವಿ. ನಮ್ಮತ್ತಿ ಕಾಲದಿಂದ ಹಿಂಗ ನಡದೈತಿ. ನಾ ಏನ ಬೈದು ಕಳಿಸೇನೇನು?"

ಬೈದಿಲ್ಲ, ಅದು ನಿಜ. ಅತ್ತೆಯ ಮನಸ್ಸಿನಲ್ಲಿ ಮೊಮ್ಮಗಳ ಹೊರತು ಬೇರೇನೂ ಇರಲಿಲ್ಲ, ಅದೂ ನಿಜ. ಭೀಮಶ್ಯಾ ಕಾಕಾ ಒಮ್ಮೆ ಹೇಳಿದ್ದನ್ನು, ಅಪ್ಪನ ತಾಟಿನ ಮಾತನ್ನು, ಅತ್ತೆಗೆ ಹೇಳಿದೆ. ಅವರು ಶೇಂಗಾ ಸುಲಿಯುವುದನ್ನು ನಿಲ್ಲಿಸಿದರು. ಆಮೇಲೆ, "ಅಂವಾ ಉಣ್ಣಾಕತ್ತಾನಂತ ನನಗೇನ ಗೊತ್ತು" ಎಂದಷ್ಟೇ ಅಂದು ಒಳಗೆ ಹೋದರು.

ಈಗ ನನಗೆ ಬೇಕಾದದ್ದು ಸಿಕ್ಕಿತ್ತು. ಸೋಮವಾರ ಹಲಗಿ ಇಲ್ಲ. ಟ್ರ್ಯಾಕ್ಟರೂ ಇಲ್ಲ. ನೆಮ್ಮದಿಯಾಗಬೇಕಿತ್ತು. ಮರುದಿನ ದೊಡ್ಡಕ್ಕೋರಿಂದ ಕೀಲಿ ತಂದು ನಾನೇ ಗೇಟು ತೆಗೆಯಲು ಹೋದೆ. ಧೃತಿ ನನ್ನ ಕೈಯಿಂದ ಕೀಲಿ ಕಿತ್ತುಕೊಂಡು ಮಣ್ಣಿಗೆ ಎಸೆದಳು. ಹೆಕ್ಕಿಕೊಂಡು ಬೀಗ ತೆಗೆದೆ. ಗೇಟು ತೆರೆದಿತ್ತು, ಶಾಲೆ ಖಾಲಿ, ಎಲ್ಲೂ ಸಪ್ಪಳವಿಲ್ಲ. ಅವಳು ಒಳಗೆ ಒಂದು ಹೆಜ್ಜೆ ಇಡಲಿಲ್ಲ. ಹಲಗಿ ಇದ್ದರೆ ಓಡುವ ಮಗಳು, ಹಲಗಿಯವನು ಇಲ್ಲದಿದ್ದರೆ ಒಳಗೇ ಹೋಗುವುದಿಲ್ಲ. ಇದಕ್ಕೆ ಯಾವ ಚಿತ್ರ ಹಚ್ಚಲಿ? ಡಾಕ್ಟರ್ ಮ್ಯಾಡಮಿಗೆ ಸಂದೇಶ ಕಳಿಸಿದೆ. "ಬದಲಾವಣೆಯನ್ನು ಮೊದಲೇ ತಿಳಿಸಿ" ಎಂದು ಉತ್ತರ ಬಂತು. ಯಾವ ಬದಲಾವಣೆ ಎಂದು ನನಗೇ ಗೊತ್ತಿಲ್ಲವಲ್ಲ. ಶ್ರೀಶೈಲರಿಗೆ ಹೇಳಿದರೆ, "ನೀನ ಮಾತಾಡು. ನನ್ನ ನಡಬರಕ ಹಾಕಬ್ಯಾಡ. ನಾ ಮಾತಾಡಿದ್ರ ಅದೂ ಹೇಳಿ ಕಳಿಸಿದಂಗ ಆಗ್ತೈತಿ" ಎಂದರು. ಅಪರೂಪಕ್ಕೆ ಸರಿಯಾದ ಮಾತು ಹೇಳಿದರು ಅನ್ನಿಸಿತು. ಅದಕ್ಕೂ ಸಿಟ್ಟು ಬಂತು.

ಶನಿವಾರ ಸಂಜೆ. ಧೃತಿ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು, ನಾವು ಹೊರಡುವ ಹೊತ್ತಾಗಿತ್ತು. ನಾನು ಅಂಗಳದ ಬೇವಿನ ಕೆಳಗೆ ಹೋಗಿ ನಿಂತು ಆ ನಂಬರಿಗೆ ಫೋನು ಮಾಡಿದೆ. ರಿಂಗಾಯಿತು, ರಿಂಗಾಯಿತು, ನಿಂತಿತು. ಎತ್ತಲಿಲ್ಲ. ಯಾಕೆ ಎತ್ತುತ್ತಾರೆ? ನನ್ನ ನಂಬರು ಬಂದರೆ ಮಿಸ್ ಕಾಲ್, ಕೀಲಿ ಬೇಕು ಅಂತ. ಸಿಂದಗಿಯಿಂದ ಕೀಲಿ ಎಲ್ಲಿ ತರುತ್ತಾರೆ? ಇಟ್ಟುಬಿಡಲೇ ಅನ್ನಿಸಿತು. ಮತ್ತೆ ಒತ್ತಿದೆ. ಮತ್ತೆ. ಮೂರನೇ ಸಲಕ್ಕೆ ಎತ್ತಿದರು.

"ಯಾರು?"

ಗೊತ್ತಿದ್ದೂ ಕೇಳುತ್ತಿದ್ದಾರೆ.

"ನಾನ್ರಿ ಕಾಕಾ. ಧೃತಿ ಅವ್ವ."

"ಕೀಲಿ ನನ್ನ ಹಂತ್ಯಾಕ ಇಲ್ಲ."

"ಕೀಲಿಗಿ ಅಲ್ರಿ."

"ಹಂಗಾದ್ರ ಹಲಗಿಗೇನು? ಅಟ್ಟದ ಮ್ಯಾಲ ಇಟ್ಟೇನಿ. ನಿಮ್ಮತ್ತಿ ಹೇಳಿದ್ದು ಮುಟ್ಟೈತಿ. ಮತ್ತ ಒಮ್ಮಿ ಹೇಳೂದು ಬ್ಯಾಡ."

"ಬಾರಿಸಬ್ಯಾಡ್ರಿ ಅನ್ನಾಕ ಫೋನ್ ಮಾಡಿಲ್ರಿ ಕಾಕಾ."

"ಮತ್ತ ಬಾರಿಸು ಅನ್ನಾಕ ಮಾಡಿಯೇನು?"

"ಅದಕ್ಕೂ ಅಲ್ರಿ."

"ಎರಡಕ್ಕೂ ಅಲ್ಲಂದ್ರ ಯಾತಕ್ಕ ಮಾಡಿಯವಾ?"

"ನಂಗ ತಿಳಿವಲ್ದರಿ" ಅಂದೆ. ನಿಜಕ್ಕೂ ಅಷ್ಟೇ ಬಾಯಿಗೆ ಬಂತು. ಇಟ್ಟುಬಿಡುತ್ತಾರೋ ಎಂದು ಹೆದರಿ ಒಂದೇ ಉಸಿರಿಗೆ ಹೇಳಿದೆ. "ಟ್ರ್ಯಾಕ್ಟರ್ ಅಲ್ರಿ ಕಾಕಾ. ಹೋದ ವರ್ಸ ಆಕಿ ಓಡಿದ್ದು ಟ್ರ್ಯಾಕ್ಟರಿಗಿ ಅಲ್ಲ. ಹಲಗಿಗೆ ಓಡಿದ್ಲು. ಆಕಿಗಿ ದೊಡ್ಡ ಸಪ್ಪಳ ಮೈಮ್ಯಾಲ ಬಡದಂಗ ಆಗ್ತೈತಿ. ಬ್ಯಾನಿ ಆಗ್ತೈತಂತ. ನೀವು ಆಕಿ ಸಲುವಾಗಿ ಟ್ರ್ಯಾಕ್ಟರ್ ತಗಿಸಿದ್ರಿ, ಜೋರ ಬಾರಸ್ತೇನಿ ಅಂದ್ರಿ, ನನಗ ಹೇಳಾಕ ಆಗಲಿಲ್ಲ. ಅತ್ತಿ ಹೇಳಿ ಕಳಿಸಿದ್ದು ನಂಗ ಗೊತ್ತಿರಲಿಲ್ಲ."

"ನನ್ನ ಹಲಗಿಗಾ?" ಎಂದರು. ದನಿ ಸಣ್ಣದಾಗಿತ್ತು.

"ಹೌದ್ರಿ."

"ನಿಂಬಿ ತೋಟದಾಗ ನಾನೂ ಹುಡುಕೇನಿ ಆಕಿನ್ನ. ಹಲಗಿ ಹೆಗಲಿಗಿ ಹಾಕ್ಕೊಂಡ ಹುಡುಕೇನಿ." ಆಮೇಲೆ ಅಂದರು: "ಇದನ್ನ ಅವತ್ತ ಕಟ್ಟಿಮ್ಯಾಲ ಕುಂತು ಹೇಳಿದ್ರ ನಾ ಏನ ನಿನ್ನ ನುಂಗ್ತಿದ್ನೇನು? ನೀನ ಹೇಳಬೇಕಿತ್ತು. ಆ ಧರ್ಮರಾಜ ಅಲ್ಲ."

"ಹೌದ್ರಿ ಕಾಕಾ."

"ಹೌದ್ರಿ ಅಂತ! ಈಗ ಬಾರಿಸೂದು ಬಿಡಲೇನು ನಾನು? ಬಾರಿಸಲೇನು? ಏನ ಮಾಡಲಿ ಹೇಳು."

"ಕಾಯಿಸದ ಹಲಗಿ ಆಕಿ ಮುಟ್ಟಿದ್ಲಲ್ರಿ" ಅಂದೆ. ಎಲ್ಲಿಂದ ಬಂತೋ ಆ ಮಾತು. "ಅವತ್ತ ಆಕಿ ಅಂಜಲಿಲ್ಲ. ಹಂಗ ತಣ್ಣಂದ ಬಾರಿಸಿದ್ರ..."

"ಥೂ! ತಣ್ಣನ ಹಲಗಿ! ಹಸಿ ಹಿಟ್ಟ ತಿಂದಂಗ. ಮಂದಿ ನಗ್ತಾರ. ಅಪ್ಪ ಇದ್ದಿದ್ರ ಹಲಗಿ ತಗೊಂಡು ನನ್ನ ತಲಿಗೇ ಬಡೀತಿದ್ದ." ಬೈಯುತ್ತ ಬೈಯುತ್ತ ಅವರ ದನಿಗೆ ಎಂದಿನ ಬಿಸಿ ಮರಳಿತು. ಆಮೇಲೆ ತಗ್ಗಿತು. "ಮದ್ಲ ಕೂಸಿಗಿ ತೋರ್ಸಿ ನೋಡೂಣು. ತೊಡಿಮ್ಯಾಲ ಇಟ್ಟು ತಟ್ಟಲಿ. ಬೆಂಕಿ ಹಚ್ಚಂಗಿಲ್ಲ. ಅಷ್ಟ ಹೇಳ್ತೇನಿ. ಸೋಮವಾರದ್ದು ಈಗ ಕೇಳಬ್ಯಾಡ, ನನಗೂ ತಿಳಿವಲ್ದು."

"ಆತ್ರಿ ಕಾಕಾ" ಅಂದೆ.

"ಏನ ಮಾಡಾಕತ್ತಾಳ ಹುಡುಗಿ?"

ತಿರುಗಿ ನೋಡಿದೆ. ಧೃತಿ ಬಾಗಿಲಲ್ಲಿ ಹಾಗೆಯೇ ನಿಂತಿದ್ದಳು, ಗಾಳಿಯಲ್ಲಿ ಕೀಲಿ ತಿರುಗಿಸುವ ಹಾಗೆ ಬೆರಳು ಆಡಿಸುತ್ತ. ಅವಳ ಹಿಂದೆ ಹೊಸ್ತಿಲ ಒಳಗೆ ಅತ್ತೆ. ಎಷ್ಟು ಹೊತ್ತಿನಿಂದ ಕೇಳಿಸಿಕೊಳ್ಳುತ್ತಿದ್ದರೋ, ಸೆರಗಿನ ತುದಿ ಹಿಡಿದು ನಿಂತಿದ್ದರು.

"ಚಪ್ಪಲಿ ಹಾಕ್ಕೊಂಡು ನಿಂತಾಳ್ರಿ. ಕೀಲಿ ಅಜ್ಜ ಅನ್ನಾಕತ್ತಾಳ."

"ಅಜ್ಜ ಅಂತ, ಅಜ್ಜ!" ಎಂದರು ಕಾಕಾ. ಆಮೇಲೆ ಫೋನಿನಿಂದ ಬಾಯಿ ದೂರ ಮಾಡಿ ಯಾರನ್ನೋ ಜೋರಾಗಿ ಕೂಗಿದ್ದು ಕೇಳಿಸಿತು.

"ಯಶೋಧಾ! ಏ ಯಶೋಧಾ! ಇಂಡಿ ಬಸ್ ಇನ್ನೂ ಐತೇನ ನೋಡು!"